ನೆರಿಗೆ ಕೈಗೆ ಬಾರದ ಹಾಗೆ: ಕರಾವಳಿಯ ಸೆಕೆಯಲ್ಲಿ ಮದುವೆಗೆ ಸೀರೆ ಉಟ್ಟು ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

“ಅಕ್ಕಾ, ವಿಡಿಯೋ ನೋಡಿಯೇ ಉಟ್ಟದ್ದು. ಧಾರೆಗೆ ಮೊದಲೇ ನೆರಿಗೆ ಕೈಗೆ ಬಂತು.”

ಉಡುಪಿಯಲ್ಲಿ ನೆರೆಕರೆಯ, ನೆಂಟರ ಮನೆಯ ಹುಡುಗಿಯರಿಗೆ ಸೀರೆ ಉಡಿಸುವ ಕೆಲಸ ನನ್ನ ತಲೆಗೆ ಬಂದು ಹನ್ನೆರಡು ವರ್ಷ ಆಯಿತು. ಪ್ರತಿ ಬೇಸಗೆಯಲ್ಲೂ ಇದೇ ದೂರು. ನೆರಿಗೆ ಬಿಚ್ಚಿತು, ಮುಖ ಕರಗಿತು, ಹೂ ಜಾರಿತು, ಫೋಟೋದಲ್ಲಿ ನನ್ನ ಮುಖ ನೋಡಲಿಕ್ಕೇ ಆಗುವುದಿಲ್ಲ. ಕೇಳುತ್ತಾ ಹೋದರೆ ಯಾರಿಗೂ ಸೀರೆ ಉಡಲು ಬರುವುದಿಲ್ಲ ಅಂತ ಇಲ್ಲ. ಕ್ರಮ ತಪ್ಪಿರುತ್ತದೆ, ಅಷ್ಟೇ. ಚಪ್ಪಲಿ ಕೊನೆಗೆ ಹಾಕಿರುತ್ತಾರೆ, ತಲೆ ಬಾಚುವುದು ಸೆರಗು ಪಿನ್ ಮಾಡಿದ ಮೇಲೆ, ರವಿಕೆ ಹಾಕಿ ನೋಡುವುದು ಹೊರಡುವ ದಿನ ಬೆಳಿಗ್ಗೆ.

ಇನ್ನೊಂದು ವಿಷಯ ಉಂಟು. ಆ ವಿಡಿಯೋಗಳನ್ನು ಮಾಡುವವರು ಏಸಿ ಕೋಣೆಯಲ್ಲಿ ನಿಂತಿರುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇಯಲ್ಲಿ ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೆ ಬೆವರು. ಲಗ್ನವೂ ಹೆಚ್ಚಾಗಿ ಹನ್ನೊಂದರಿಂದ ಹನ್ನೆರಡೂವರೆಯ ಒಳಗೆ, ಸೆಕೆ ನೆತ್ತಿಗೇರುವ ಹೊತ್ತಿಗೇ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಮಂಗಳೂರು, ಉಡುಪಿಯ ಸೆಕೆಗೆ, ರೇಷ್ಮೆ ಸೀರೆಗೆ, ಮತ್ತು ಮದುಮಗಳಲ್ಲದವರಿಗೆ. ಮದುಮಗಳಿಗೆ ಉಡಿಸಲು ಬೇರೆ ಜನ ಬರುತ್ತಾರೆ. ಅವಳ ಅಕ್ಕ, ಅತ್ತಿಗೆ, ಗೆಳತಿಯರಿಗೆ ಯಾರೂ ಬರುವುದಿಲ್ಲ.

## ಮೊದಲು ಜೋಡಿಸಿ ಇಟ್ಟುಕೊಳ್ಳಬೇಕಾದ ಸಾಮಾನು

ಹತ್ತಿಯ ಒಳಲಂಗ ಒಂದು. ಸ್ಯಾಟಿನ್ ಬೇಡವೇ ಬೇಡ. ರೇಷ್ಮೆಯ ಅಡಿಗೆ ಸ್ಯಾಟಿನ್ ಇದ್ದರೆ ಎರಡೂ ಒಂದರ ಮೇಲೊಂದು ಜಾರುತ್ತವೆ, ನಿಮ್ಮ ಪಿನ್ನು ಪಾಪ ಎಷ್ಟು ಅಂತ ಹಿಡಿಯುತ್ತದೆ? ಬಣ್ಣ ಸೀರೆಯ ಒಡಲಿನ ಬಣ್ಣಕ್ಕೆ ಹತ್ತಿರ ಇರಲಿ. ಉದ್ದ ಪಾದದ ಗಂಟಿಗಿಂತ ಅರ್ಧ ಇಂಚು ಮೇಲೆ ನಿಲ್ಲಬೇಕು.

ಸೇಫ್ಟಿ ಪಿನ್ನು ಏಳು: ನಾಲ್ಕು ಸಣ್ಣದು, ಮೂರು ಮಧ್ಯಮ. ಹೊಸದೇ ತನ್ನಿ. ಸಮುದ್ರದ ಗಾಳಿಗೆ ನಮ್ಮಲ್ಲಿ ಪಿನ್ನಿಗೆ ಬೇಗ ತುಕ್ಕು ಹಿಡಿಯುತ್ತದೆ, ರೇಷ್ಮೆಗೆ ತಾಗಿದ ತುಕ್ಕಿನ ಕಲೆ ಹೋಗುವುದಿಲ್ಲ. ಪ್ರತಿ ಪಿನ್ನಿಗೂ ಒಂದು ಸಣ್ಣ ಮಣಿ ಪೋಣಿಸಿ ಸುರುಳಿಯ ಹತ್ತಿರಕ್ಕೆ ತಳ್ಳಿಬಿಡಿ. ಆಗ ನೂಲು ಪಿನ್ನಿನ ಸುರುಳಿಗೆ ಸಿಕ್ಕಿ ಹರಿಯುವುದಿಲ್ಲ. ಹರಿದ ಕರಿಮಣಿಯೋ ಹಳೆ ಬಳೆಯ ಮಣಿಯೋ ಆದೀತು.

ಇನ್ನು ಬಟ್ಟೆ ಒಣಹಾಕುವ ಕ್ಲಿಪ್ಪು ನಾಲ್ಕು, ಯು-ಪಿನ್ನು, ಕಪ್ಪು ಹೇರ್‌ಪಿನ್ನು, ಒಂದು ಹತ್ತಿಯ ಬೈರಾಸು (ತೆಳು ಟವೆಲು), ಸೂಜಿ ನೂಲು. ಆಳೆತ್ತರದ ಕನ್ನಡಿ ಇಲ್ಲದಿದ್ದರೆ ಕಪಾಟಿನ ಕನ್ನಡಿ ಸಾಕು, ಆದರೆ ಪಾದ ಕಾಣಬೇಕು.

## ಹಂತ 1: ಮೂರು ವಾರ ಮೊದಲು ರವಿಕೆ

ಸೀರೆ ಎಷ್ಟೇ ಚೆನ್ನಾಗಿರಲಿ, ಅಂದ ಕೆಡಿಸುವುದು ರವಿಕೆ. ಮದುವೆ ಸೀಸನ್ನಿನಲ್ಲಿ ಟೈಲರ್ ಹೇಳುವ “ನಾಳೆ” ನಿಜವಾಗಿ ನಾಲ್ಕು ದಿನ ಅಂತ ಲೆಕ್ಕ ಹಿಡಿಯಿರಿ. ಮೂರು ವಾರ ಮೊದಲು ಕೊಟ್ಟರೆ ಸರಿಪಡಿಸಿಕೊಳ್ಳಲು ಒಂದು ವಾರ ಉಳಿಯುತ್ತದೆ.

ಕೊಡುವಾಗ ಮೂರು ಮಾತು ಹೇಳಿ. ಲೈನಿಂಗ್ ಹತ್ತಿಯದ್ದೇ ಹಾಕಬೇಕು, ಅದನ್ನು ನೀರಿಗೆ ಹಾಕಿ ಒಣಗಿಸಿ ಆಮೇಲೆ ಕತ್ತರಿಸಬೇಕು. ಎರಡೂ ಬದಿಯಲ್ಲಿ ಒಳಹೊಲಿಗೆಗೆ ಕನಿಷ್ಠ ಒಂದು ಇಂಚು ಬಟ್ಟೆ ಬಿಡಬೇಕು. ಕಂಕುಳ ಹತ್ತಿರ ಬೆವರು ಹೀರುವ ಪ್ಯಾಡ್ ಹೊಲಿದು ಕೊಡಬೇಕು. ಪ್ಯಾಡ್ ಇಲ್ಲದ ರೇಷ್ಮೆ ರವಿಕೆಯಲ್ಲಿ ಹತ್ತೂವರೆಗೇ ಕಂಕುಳಲ್ಲಿ ಅರ್ಧಚಂದ್ರ ಮೂಡುತ್ತದೆ, ಆಮೇಲೆ ದಿನವಿಡೀ ಕೈ ಎತ್ತದೆ ಓಡಾಡುವುದು.

ಅಳತೆ ಇವತ್ತಿನ ಮೈಗೆ ಕೊಡಿ. “ಮದುವೆಯಷ್ಟರಲ್ಲಿ ಎರಡು ಕೆಜಿ ಇಳಿಸ್ತೇನೆ, ಸ್ವಲ್ಪ ಬಿಗಿಯೇ ಇರಲಿ” ಅಂದವರಲ್ಲಿ ಇಳಿಸಿದವರನ್ನು ನಾನು ಕಂಡದ್ದು ಕಡಿಮೆ. ಒಂದು ಸಲ ನಾನೇ ಹೀಗೆ ಮಾಡಿ, ಹಿಂದಿನ ರಾತ್ರಿ ಸಿಕ್ಕಿದ ರವಿಕೆಯ ತೋಳು ಎಷ್ಟು ಬಿಗಿ ಇತ್ತೆಂದರೆ, ಅಕ್ಷತೆ ಹಾಕುವಾಗ ಬಲಗೈ ಜೋಮು ಹಿಡಿದಿತ್ತು. ಆ ಮದುವೆಯ ಫೋಟೋಗಳಲ್ಲಿ ನನ್ನ ಮುಖ ನೋಡಿದರೆ ಮದುಮಗನ ಮೇಲೆ ನನಗೇನೋ ಸಿಟ್ಟಿತ್ತು ಅನ್ನಬೇಕು.

ಹಾಕಿ ನೋಡುವಾಗ ಆ ದಿನ ಹಾಕುವ ಬ್ರಾ ಹಾಕಿಯೇ ನೋಡಿ. ಎರಡೂ ಕೈ ಮೇಲೆತ್ತಿ, ಬಗ್ಗಿ, ಕುಳಿತು ನೋಡಿ. ಎಚ್ಚರಿಕೆಯ ಲಕ್ಷಣ: ಕೈ ಎತ್ತಿದಾಗ ರವಿಕೆಯ ಕೆಳಪಟ್ಟಿ ಮೇಲೆ ಹೋಗಿ ಕೆಳಗೆ ಇಳಿಯದಿದ್ದರೆ ತೋಳಿನ ಕಟ್ಟಿಂಗ್ ತಪ್ಪಿದೆ, ಹೊಲಿಗೆ ಬಿಚ್ಚಿದರೆ ಸಾಕಾಗುವುದಿಲ್ಲ. ಹುಕ್ಕಿನ ಎಡೆಯಲ್ಲಿ ಕಿಟಕಿಯ ಹಾಗೆ ಸಂದು ಕಂಡರೆ ಒಳಹೊಲಿಗೆ ಬಿಡಿಸಿದರೆ ಸರಿಯಾಗುತ್ತದೆ. ಹುಕ್ಕುಗಳನ್ನು ಮನೆಯಲ್ಲಿ ಇನ್ನೊಮ್ಮೆ ಜೋಡಿ ನೂಲಿನಲ್ಲಿ ಹೊಲಿಯಿರಿ.

ಹೊಸ ಸೀರೆಗೆ ಫಾಲ್, ಜಿಗ್‌ಜಾಗ್ ಇದೇ ವಾರ ಆಗಬೇಕು. ಕುಚ್ಚು ಬೇಕಿದ್ದರೆ ಇನ್ನೂ ಮೊದಲು. ಫಾಲ್ ಇಲ್ಲದ ಸೀರೆಯ ನೆರಿಗೆಗೆ ಭಾರ ಇರುವುದಿಲ್ಲ, ಫ್ಯಾನಿನ ಗಾಳಿಗೆ ಪಾದದ ಹತ್ತಿರ ಅರಳಿ ನಿಲ್ಲುತ್ತದೆ.

## ಹಂತ 2: ವಾರದ ಮೊದಲೇ ಮುಖದ ಪ್ರಯೋಗ ಮುಗಿಯಲಿ

ಹೊಸ ಕ್ರೀಮು, ಹೊಸ ಫೇಶಿಯಲ್, ಬ್ಲೀಚ್, ಯಾವುದಿದ್ದರೂ ವಾರ ಇರುವಾಗಲೇ ಕೊನೆ. ಹೊಸದನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯಿರಿ. ಕೆಂಪಗಾದರೆ, ತುರಿಸಿದರೆ ಅದು ನಿಮಗಲ್ಲ. ಐಬ್ರೋ ಎರಡು ಮೂರು ದಿನ ಮೊದಲು ಮಾಡಿಸಿ. ಅದೇ ದಿನ ಮಾಡಿಸಿದರೆ ಬೆವರು ತಾಗಿ ಉರಿಯುತ್ತದೆ.

ಫೌಂಡೇಶನ್ ತೆಗೆದುಕೊಳ್ಳುವಾಗ ಅಂಗಡಿಯ ಬಿಳಿ ಬೆಳಕನ್ನು ನಂಬಬೇಡಿ. ದವಡೆಯ ಮೇಲೆ ಒಂದು ಗೆರೆ ಹಚ್ಚಿ, ಹೊರಗೆ ರಸ್ತೆಗೆ ಬಂದು ಹಗಲಿನಲ್ಲಿ ನೋಡಿ. ಗೆರೆ ಕಾಣದೆ ಹೋದರೆ ಅದೇ ನಿಮ್ಮ ಬಣ್ಣ. ನಮ್ಮಲ್ಲಿ ಮಾಡುವ ದೊಡ್ಡ ತಪ್ಪು ಎರಡು ಶೇಡ್ ಬಿಳಿ ತರುವುದು. ಒಂದು ಗಂಟೆ ಕಳೆದು ಬೆವರು ಸೇರಿದ ಮೇಲೆ ಆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ, ಕುತ್ತಿಗೆ ಬೇರೆಯವರದ್ದು ಅನ್ನಿಸುತ್ತದೆ. ಕಪ್ಪಗಿದ್ದವರು ಗಾಢ ಬಣ್ಣದ ಸೀರೆ ಉಡಬಾರದು ಅಂತ ದೊಡ್ಡಮ್ಮಂದಿರು ಹೇಳುವುದೂ ಇದೇ ಜಾತಿಯ ಮಾತು. ಕಡುನೀಲಿ, ಮರೂನು, ಕಾಫಿ ಬಣ್ಣ ಕಪ್ಪು ಮೈಗೆ ಕೂರುವ ಹಾಗೆ ಬೇರೆ ಯಾವ ಮೈಗೂ ಕೂರುವುದಿಲ್ಲ. ಬೇಕಾದರೆ ಹಗಲಿನಲ್ಲಿ ಎರಡು ಸೀರೆ ಹೆಗಲ ಮೇಲೆ ಹಾಕಿ ಫೋಟೋ ತೆಗೆದು ನೋಡಿ, ಯಾರ ಮಾತೂ ಬೇಕಾಗುವುದಿಲ್ಲ.

ಮದರಂಗಿ ಹಾಕುವುದಿದ್ದರೆ ಎರಡು ದಿನ ಮೊದಲು. ಬಣ್ಣ ಪೂರ್ತಿ ಏರಲು ಒಂದರಿಂದ ಎರಡು ದಿನ ಬೇಕು. ಒಣಗಿದ್ದನ್ನು ಉಜ್ಜಿ ಉದುರಿಸಿ, ಅವತ್ತು ಸೋಪು ತಾಗಿಸಬೇಡಿ. “ಒಂದೇ ಗಂಟೆಯಲ್ಲಿ ಕಪ್ಪು” ಅನ್ನುವ ಕೋನ್ ಮಾತ್ರ ಬೇಡ. ಅದಕ್ಕೆ ತಲೆಗೂದಲಿನ ಡೈಗೆ ಹಾಕುವ ರಾಸಾಯನಿಕ ಸೇರಿಸಿರುತ್ತಾರೆ, ಕೆಲವರಿಗೆ ಗುಳ್ಳೆ ಎದ್ದು ಕಲೆ ಉಳಿಯುತ್ತದೆ.

## ಹಂತ 3: ಹಿಂದಿನ ದಿನ

ಅರ್ಧ ಕೆಲಸ ಇವತ್ತೇ ಮುಗಿಯಬೇಕು.

ತಲೆಸ್ನಾನ. ಇವತ್ತೇ ಮಾಡಿ, ನಾಳೆ ಅಲ್ಲ. ಆಗಷ್ಟೇ ತೊಳೆದ ಕೂದಲು ನುಣುಪು, ಪಿನ್ನು ನಿಲ್ಲುವುದಿಲ್ಲ. ಒದ್ದೆ ಕೂದಲನ್ನು ತುರುಬು ಕಟ್ಟಿದರೆ ನಮ್ಮ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಮುಗ್ಗಲು ವಾಸನೆ, ಅದರ ಮೇಲೆ ಎಷ್ಟು ಮಲ್ಲಿಗೆ ಮುಡಿದರೂ ಅಡಗುವುದಿಲ್ಲ.

ಇಸ್ತ್ರಿ. ರೇಷ್ಮೆಗೆ ನೀರು ಚಿಮುಕಿಸಬೇಡಿ, ಹನಿಯ ಗುರುತು ಉಳಿಯುತ್ತದೆ. ಇಸ್ತ್ರಿಪೆಟ್ಟಿಗೆ ಕಡಿಮೆ ಬಿಸಿಯಲ್ಲಿರಲಿ, ಒಳಮಗ್ಗುಲಿನಿಂದ ಹಾಕಿ. ಜರಿಯ ಮೇಲೆ ಬೈರಾಸು ಹಾಸಿಕೊಳ್ಳಿ.

ಸೆರಗಿನ ಮಡಿಕೆ. ಇಸ್ತ್ರಿಯ ಬಿಸಿ ಇರುವಾಗಲೇ ಸೆರಗನ್ನು ಮಂಚದ ಮೇಲೆ ಉದ್ದಕ್ಕೆ ಹಾಸಿ ಮಡಿಕೆ ಮಾಡಿ. ಹೊರಗೆ ಕಾಣುವ ಮೊದಲ ಮಡಿಕೆ ದೊಡ್ಡ ಅಂಚಿನಷ್ಟೇ ಅಗಲ ಇರಲಿ, ಸಾಮಾನ್ಯವಾಗಿ 4ರಿಂದ 5 ಇಂಚು. ಒಳಗಿನವು ಅದಕ್ಕಿಂತ ಒಂದು ನೂಲು ಕಡಿಮೆ. ಒಳಗಿನದ್ದು ಹೊರಗೆ ಇಣುಕಿದರೆ ಇಡೀ ದಿನ ಸೆರಗು ಕೊಳಕಾಗಿ ಕಾಣುತ್ತದೆ. ಎರಡು ಕಡೆ ಕ್ಲಿಪ್ಪು ಹಾಕಿ, ಮೇಲೆ ಬೈರಾಸು ಹಾಸಿ, ಮೆಲ್ಲಗೆ ಒಂದು ಸಲ ಇಸ್ತ್ರಿ. ಹಾಗೇ ಹ್ಯಾಂಗರಿಗೆ ನೇತುಹಾಕಿ. ಬೆಳಿಗ್ಗೆ ಇಪ್ಪತ್ತು ನಿಮಿಷ ಉಳಿಯುವುದು ಇಲ್ಲಿ.

ಹೂ. ಶಂಕರಪುರದ ಕಡೆಯಿಂದ ಬರುವ ಉಡುಪಿ ಮಲ್ಲಿಗೆಯ ಲೆಕ್ಕ ಚೆಂಡು, ಅಟ್ಟೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನದಿನಕ್ಕೆ ಬದಲು, ಮದುವೆ ಜಾಸ್ತಿ ಇರುವ ದಿನ ಗಗನಕ್ಕೆ. ಒಬ್ಬರ ತುರುಬಿಗೆ ಒಂದು ಚೆಂಡು ಧಾರಾಳ ಸಾಕು. ಗೊತ್ತಿರುವ ಅಂಗಡಿಯಲ್ಲಿ ಹಿಂದಿನ ದಿನವೇ ಹೇಳಿಡಿ. ಮನೆಗೆ ತಂದ ಮೇಲೆ ಬಾಳೆ ಎಲೆಯಲ್ಲಿ ಸುತ್ತಿ, ಡಬ್ಬಕ್ಕೆ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಫ್ರೀಜರಿನ ಹತ್ತಿರ ಇಟ್ಟರೆ ಕಪ್ಪಾಗುತ್ತದೆ. ನೀರು ಹೊಯ್ಯಬೇಡಿ. ಮಲ್ಲಿಗೆ ಸಿಗದಿದ್ದರೆ ಕಾಕಡ ಇದೆ, ಘಮ ಕಡಿಮೆ. ಅಬ್ಬಲಿಗೆ, ಅಂದರೆ ಕನಕಾಂಬರ, ಬಾಡುವುದು ನಿಧಾನ, ಸೆಕೆಗೆ ಒಳ್ಳೆಯದು. ನನ್ನನ್ನು ಕೇಳಿದರೆ ಹಸಿರು ಸೀರೆಗೆ ಮಲ್ಲಿಗೆಗಿಂತ ಅಬ್ಬಲಿಗೆಯೇ ಚಂದ.

ಹಿಂದಿನಿಂದ ಲೆಕ್ಕ. ಲಗ್ನ 12ಕ್ಕೆ, ದಾರಿ ಮುಕ್ಕಾಲು ಗಂಟೆ ಅಂದರೆ 10.30ಕ್ಕೆ ಮನೆ ಬಿಡಬೇಕು. ಸೀರೆಗೆ ಅರ್ಧ ಗಂಟೆ, ತಲೆಗೆ ಅರ್ಧ, ಮುಖಕ್ಕೆ ಅರ್ಧ, ಮೈ ಆರಲು ಕಾಲು ಗಂಟೆ. ಎಂಟೂವರೆಗೆ ಸ್ನಾನ ಮುಗಿದಿರಬೇಕು. “ಬೇಗ ರೆಡಿಯಾದರೆ ಸೀರೆ ಮುದುಡುತ್ತದೆ” ಅನ್ನುವವರ ಮಾತು ಕೇಳಬೇಡಿ, ಗಡಿಬಿಡಿಯಲ್ಲಿ ಬರುವ ಬೆವರಿನಿಂದ ಮುದುಡುವುದೇ ಹೆಚ್ಚು.

## ಹಂತ 4: ಬೆಳಿಗ್ಗೆ, ಯಾವುದರ ಮೇಲೆ ಯಾವುದು

ಕ್ರಮ ಇಷ್ಟು: ತಿಂಡಿ, ಸ್ನಾನ, ಮೈ ಆರುವುದು, ಸೆಂಟು, ರವಿಕೆ-ಒಳಲಂಗ, ಮುಖ, ತಲೆ, ಚಪ್ಪಲಿ, ಸೀರೆ, ಚಿನ್ನ, ಹೂ. ಇದನ್ನು ಬರೆದು ಕನ್ನಡಿಗೆ ಅಂಟಿಸಿದರೂ ಅಡ್ಡಿಯಿಲ್ಲ.

ತಿಂಡಿ ಬಿಡಬೇಡಿ. “ಹೊಟ್ಟೆ ಕಾಣ್ತದೆ” ಅಂತ ಖಾಲಿ ಹೊಟ್ಟೆಯಲ್ಲಿ ಹೋದ ನನ್ನ ಚಿಕ್ಕಮ್ಮನ ಮಗಳು ಧಾರೆಯ ಹೊತ್ತಿಗೆ ತಲೆ ತಿರುಗಿ ಕುರ್ಚಿಗೆ ಒರಗಿದ್ದಳು. ಎರಡು ಇಡ್ಲಿಯೋ ನಾಲ್ಕು ನೀರುದೋಸೆಯೋ ತಿಂದು ಹೊರಡಿ, ಊಟ ಒಂದೂವರೆಗೆ ಮೊದಲು ಸಿಗುವುದಿಲ್ಲ.

ಸ್ನಾನದ ಮೇಲೆ ಫ್ಯಾನಿನ ಕೆಳಗೆ ಹದಿನೈದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಎಲ್ಲರೂ ಹಾರಿಸುವ ಹಂತ ಇದು, ಎಲ್ಲ ಕೆಡುವುದೂ ಇಲ್ಲಿಂದಲೇ. ಹಸಿ ಮೈಗೆ ಪೌಡರ್ ಹಾಕಿದರೆ ಮುದ್ದೆ ಕಟ್ಟುತ್ತದೆ, ಹಸಿ ಮುಖಕ್ಕೆ ಫೌಂಡೇಶನ್ ಹಚ್ಚಿದರೆ ಜಾರುತ್ತದೆ. ಒಳಲಂಗ ಕಟ್ಟುವ ಜಾಗಕ್ಕೆ ಸ್ವಲ್ಪ ಪೌಡರ್ ಹಾಕಿ. ಸೆಂಟು ಈಗಲೇ, ಮೈಗೆ ಮಾತ್ರ. ಸೀರೆ ಉಟ್ಟ ಮೇಲೆ ಹೊಡೆದರೆ ರೇಷ್ಮೆಗೆ ಕಲೆ, ಜರಿ ಕಪ್ಪು.

ಮುಖಕ್ಕೆ ಕಡಿಮೆ ಹಚ್ಚಿದಷ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ತೆಳುವಾಗಿ ಮಾಯಿಶ್ಚರೈಸರ್, ಹತ್ತು ನಿಮಿಷ ಬಿಟ್ಟು ಫೌಂಡೇಶನ್ ಬೇಕಾದಲ್ಲಿ ಮಾತ್ರ, ಒದ್ದೆ ಸ್ಪಂಜಿನಲ್ಲಿ ಒತ್ತಿ ಒತ್ತಿ, ಎಳೆಯಬೇಡಿ. ಮೇಲೆ ಪೌಡರ್, ಅದನ್ನೂ ಒತ್ತಿಯೇ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕುಳಿತು ಮಾಡಿ. ಬಿಳಿಚುವ ಸನ್‌ಸ್ಕ್ರೀನ್ ದಪ್ಪಗೆ ಹಚ್ಚಿದರೆ ಫ್ಲ್ಯಾಶ್ ಹಾಕಿದ ಫೋಟೋದಲ್ಲಿ ಮುಖ ಮಾತ್ರ ಬೆಳ್ಳಗೆ ಬರುತ್ತದೆ, ಹಿಂದಿನ ದಿನವೇ ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಪರೀಕ್ಷೆ ಮಾಡಿಕೊಳ್ಳಿ. ಕಾಡಿಗೆ ನೀರಿಗೆ ಕರಗದ್ದೇ ಆಗಬೇಕು.

ಸ್ಟಿಕ್ಕರ್ ಬೊಟ್ಟು ಹಚ್ಚುವ ಜಾಗದ ಎಣ್ಣೆ, ಕ್ರೀಮು ಒರೆಸಿ, ಒಂದು ಚಿಟಿಕೆ ಪೌಡರ್ ತಾಗಿಸಿ ಹಚ್ಚಿ. ಬೊಟ್ಟಿನ ಜಾಗದಲ್ಲಿ ಚರ್ಮ ತುರಿಸುತ್ತಿದ್ದರೆ, ಬಿಳಿ ಚುಕ್ಕೆ ಕಾಣಿಸಿದ್ದರೆ ಸ್ಟಿಕ್ಕರ್ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ. ಕೆಲವು ಅಂಟಿನಲ್ಲಿರುವ ರಾಸಾಯನಿಕದಿಂದ ಚರ್ಮದ ಬಣ್ಣವೇ ಹೋಗುವುದುಂಟು.

ತಲೆ ಬಾಚುವುದು ಸೀರೆಗೆ ಮೊದಲು ಯಾಕೆ? ಸೆರಗು ಪಿನ್ ಮಾಡಿದ ಮೇಲೆ ಕೈ ಎತ್ತಿ ತುರುಬು ಕಟ್ಟಿದರೆ ಭುಜದ ಪಿನ್ನು ಎಳೆದು ನೂಲು ಹರಿಯುತ್ತದೆ. ಸ್ಪ್ರೇ ಹಾಕುವುದಿದ್ದರೂ ಈಗಲೇ. ಹೂವಿನ ಮೇಲೆ ಬಿದ್ದರೆ ಹೂ ಕಂದುತ್ತದೆ.

## ಹಂತ 5: ಸೀರೆ

ಚಪ್ಪಲಿ ಹಾಕಿ ನಿಲ್ಲಿ. ಬರಿಗಾಲಿನಲ್ಲಿ ಉಟ್ಟು ಆಮೇಲೆ ಎರಡು ಇಂಚಿನ ಹೀಲ್ಸ್ ಹಾಕಿದರೆ ಸೀರೆ ಎರಡು ಇಂಚು ಮೇಲೆ, ಒಳಲಂಗ ಊರಿಗೆಲ್ಲ ಪ್ರದರ್ಶನ.

ಫ್ಯಾನು ಹಾಕಿದರೆ ಸೆರಗು ಹಾರುತ್ತದೆ, ನಿಲ್ಲಿಸಿದರೆ ಬೆವರು. ಟೇಬಲ್ ಫ್ಯಾನನ್ನು ಸ್ಟೂಲಿನ ಮೇಲಿಟ್ಟು, ಬದಿಯಿಂದ ಮುಖಕ್ಕೆ ಮಾತ್ರ ಗಾಳಿ ಬರುವ ಹಾಗೆ ಸಣ್ಣಗೆ ಬಿಡಿ.

ಲಾಡಿ. ಹೊಕ್ಕುಳಿನ ಮಟ್ಟಕ್ಕೋ ಒಂದು ಬೆರಳು ಕೆಳಗೋ ಕಟ್ಟಿ. ಗಂಟು ಹೊಕ್ಕುಳ ಎದುರಿಗೆ ಬೇಡ, ಎಡಗಡೆ ಸೊಂಟಕ್ಕೆ ಸರಿಸಿ. ಗಂಟಿನ ಮೇಲೆ ನೆರಿಗೆ ಕೂತರೆ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತದೆ, ಎಷ್ಟೋ ಜನ ಇದನ್ನೇ ತಮ್ಮ ಹೊಟ್ಟೆ ಅಂತ ತಿಳಿದು ಬೇಜಾರು ಮಾಡಿಕೊಂಡಿದ್ದಾರೆ. ಬಿಗಿ ಎಷ್ಟು ಅಂದರೆ ಒಂದು ಬೆರಳು ಕಷ್ಟದಲ್ಲಿ ಹೋಗಬೇಕು. ಕಟ್ಟಿದ ಮೇಲೆ ಕುಳಿತು ಉಸಿರು ಎಳೆದು ನೋಡಿ. ದಾರದಂಥ ಲಾಡಿ ಸೊಂಟ ಕೊರೆಯುತ್ತದೆ, ಅಗಲ ಪಟ್ಟಿಯದ್ದು ಹಾಕಿಸಿಕೊಳ್ಳಿ.

ಮೊದಲ ಸುತ್ತು. ಸೆರಗಿಲ್ಲದ ತುದಿಯನ್ನು ಹೊಕ್ಕುಳಿನ ಬಲಗಡೆ ಸಿಕ್ಕಿಸಿ, ಎಡಕ್ಕೆ ಹೋಗಿ, ಬೆನ್ನ ಹಿಂದೆ ಸುತ್ತಿ ಬಲಗಡೆಯಿಂದ ಮುಂದಕ್ಕೆ ತನ್ನಿ. ಪ್ರತಿ ಅಂಗೈ ಅಗಲಕ್ಕೆ ಒಂದು ಸಲ ಸಿಕ್ಕಿಸುತ್ತಾ ಬನ್ನಿ. ಕೆಳಅಂಚು ಸುತ್ತಲೂ ಒಂದೇ ಮಟ್ಟ, ನೆಲಕ್ಕೆ ತಾಗಿಯೂ ತಾಗದ ಹಾಗೆ. ಎಚ್ಚರಿಕೆಯ ಲಕ್ಷಣ: ಹಿಂದೆ ಹಿಮ್ಮಡಿಯ ಹತ್ತಿರ ಅಂಚು ಮೇಲೆ ಎದ್ದಿದ್ದರೆ ಈಗಲೇ ಬಿಚ್ಚಿ. ಈ ಸುತ್ತು ತಪ್ಪಿದರೆ ಮುಂದಿನ ಯಾವ ಪಿನ್ನೂ ಅದನ್ನು ಸರಿಮಾಡುವುದಿಲ್ಲ. ಬೆನ್ನ ಬಲಬದಿಯಲ್ಲಿ ಸೀರೆ, ಒಳಲಂಗ ಸೇರಿಸಿ ಒಂದು ಮಧ್ಯಮ ಪಿನ್ನು. ಇದು ಮೊದಲನೆಯದು.

ಸೆರಗು, ನೆರಿಗೆಗೆ ಮೊದಲು. ವಿಡಿಯೋಗಳಲ್ಲಿ ಹೆಚ್ಚಾಗಿ ನೆರಿಗೆ ಮೊದಲು ತೋರಿಸುತ್ತಾರೆ. ಉಟ್ಟು ಅಭ್ಯಾಸ ಇದ್ದವರಿಗೆ ಅದು ಸರಿ. ಇಲ್ಲದವರಿಗೆ ನೆರಿಗೆ ಮಾಡಿ ಆದ ಮೇಲೆ ಸೆರಗು ಗಿಡ್ಡ ಆಯಿತು ಅಂತ ಗೊತ್ತಾಗುತ್ತದೆ, ಎಲ್ಲ ಬಿಚ್ಚಬೇಕು. ಹಾಗಾಗಿ ನಿನ್ನೆ ಮಡಿಚಿಟ್ಟ ಸೆರಗನ್ನು ಬೆನ್ನ ಹಿಂದಿನಿಂದ ಬಲಕಂಕುಳ ಕೆಳಗೆ ತಂದು, ಎದೆಯ ಮೇಲೆ ಓರೆಯಾಗಿ ಎಡಭುಜಕ್ಕೆ ಹಾಕಿ. ಹಿಂದೆ ಮೊಣಕಾಲಿನ ಹಿಂಬದಿಯವರೆಗೆ ಇಳಿದರೆ ಸರಿಯಾದ ಉದ್ದ.

ಪಿನ್ನು ಭುಜದ ತುತ್ತತುದಿಗೆ ಅಲ್ಲ, ಒಂದು ಇಂಚು ಹಿಂದಕ್ಕೆ, ರವಿಕೆಯ ಒಳಗಿನಿಂದ. ಮುಂದಿನಿಂದ ನೋಡಿದರೆ ಕಾಣಬಾರದು. ಜರಿಗೆ ಚುಚ್ಚಬೇಡಿ, ಜರಿಯ ಪಕ್ಕದ ಒಡಲಿಗೆ. ಇಲ್ಲಿ ಎರಡು ಪಿನ್ನು: ಒಂದು ಎಲ್ಲ ಮಡಿಕೆಯನ್ನು ಒಟ್ಟಿಗೆ ಹಿಡಿಯಲು, ಇನ್ನೊಂದು ರವಿಕೆಗೆ. ಎರಡನ್ನೂ ಒಂದರಲ್ಲೇ ಮಾಡಿದರೆ ಇಡೀ ಭಾರ ಒಂದೇ ತೂತಿನ ಮೇಲೆ ಬೀಳುತ್ತದೆ. ನಾಲ್ಕನೆಯದು ಎದೆಯ ಬಲಬದಿ, ಸೆರಗಿನ ಮೇಲಂಚು ರವಿಕೆಗೆ ಸಣ್ಣಗೆ ಸಿಕ್ಕಿಸಲು. ಬಗ್ಗಿ ಬಡಿಸುವಾಗ, ಮಗುವನ್ನು ಎತ್ತಿಕೊಳ್ಳುವಾಗ ಇದೇ ಕಾಪಾಡುವುದು.

ನೆರಿಗೆ. ಈಗ ಮಧ್ಯದಲ್ಲಿ ಉಳಿದ ಬಟ್ಟೆಯಷ್ಟೇ ನಿಮ್ಮ ನೆರಿಗೆ. ಹೆಬ್ಬೆರಳು, ಕಿರುಬೆರಳು ಚಾಚಿ ಅದರ ಎಡೆಯಲ್ಲಿ ಸುತ್ತುತ್ತಾ ಬನ್ನಿ, ಸುಮಾರು 5 ಇಂಚು ಅಗಲ. ಐದರಿಂದ ಏಳು ನೆರಿಗೆ ಬರುತ್ತದೆ. ಸಪೂರ ಇರುವವರಿಗೆ ಎಂಟೂ ಆದೀತು, ದಪ್ಪ ಇರುವವರಿಗೆ ನಾಲ್ಕಾದರೂ ಏನೂ ತಪ್ಪಿಲ್ಲ. ಎಲ್ಲದರ ಮಡಿಕೆ ಎಡಕ್ಕೆ ತೆರೆದಿರಬೇಕು. ಮೇಲೆ ಒಂದು ಕ್ಲಿಪ್ಪು ಹಾಕಿ ಕೈ ಬಿಡಿ.

ಈಗ ಕೆಳಗೆ. ಯಾರಾದರೂ ಇದ್ದರೆ ಅವರನ್ನು ನೆಲಕ್ಕೆ ಕೂರಿಸಿ. ಪಾದದ ಹತ್ತಿರ ಒಂದೊಂದೇ ನೆರಿಗೆಯ ಅಂಚು ಹಿಡಿದು ಕೆಳಕ್ಕೆ ಸಣ್ಣಗೆ ಎಳೆದು, ಪುಸ್ತಕದ ಹಾಳೆ ಜೋಡಿಸಿದ ಹಾಗೆ ಒಂದರ ಮೇಲೊಂದು ಕೂರಿಸಬೇಕು. ನಾನು ಉಡಿಸುವಾಗ ಅತಿ ಹೆಚ್ಚು ಸಮಯ ಹೋಗುವುದು ಇಲ್ಲಿ, ಮಂಡಿ ಊರಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು (ನೀವು ಕಚ್ಚಬೇಡಿ). ಒಬ್ಬರೇ ಇದ್ದರೆ ಕುರ್ಚಿಯ ಮೇಲೆ ಕುಳಿತು ಮುಂದಕ್ಕೆ ಬಾಗಿ ಜೋಡಿಸಿ, ಎದ್ದು ನಿಂತು ನೋಡಿ. ಜೋಡಿಸಿದ ಮೇಲೆ ಮೇಲ್ತುದಿಯಿಂದ ಎರಡು ಇಂಚು ಕೆಳಗೆ ಎಲ್ಲ ನೆರಿಗೆ ಸೇರಿಸಿ ಒಂದು ಪಿನ್ನು, ಐದನೆಯದು. ಆಮೇಲೆ ಒಟ್ಟಿಗೆ ಒಳಕ್ಕೆ ಸಿಕ್ಕಿಸಿ, ಒಳಗಿನಿಂದ ಒಳಲಂಗದ ಪಟ್ಟಿಗೆ ಆರನೆಯದು. ಈ ಆರನೆಯ ಪಿನ್ನು ಇಲ್ಲದವರೇ “ಕೈಗೆ ಬಂತು” ಅನ್ನುವವರು.

ಎಡಸೊಂಟದಲ್ಲಿ ಉಬ್ಬಿದ ಬಟ್ಟೆ ಉಳಿದಿರುತ್ತದೆ. ಅದನ್ನು ಹಿಂದಕ್ಕೆ ಮಡಿಚಿ ಒಳಗೆ ತಳ್ಳಿ. ಏಳನೆಯ ಪಿನ್ನು ಪರ್ಸಿನಲ್ಲಿ.

ಇಷ್ಟೆಲ್ಲ ಸೆಕೆಗೆ ಆಗುವುದಿಲ್ಲ ಅನ್ನುವವರು ಮದರಂಗಿಗೋ ಹಗಲಿನ ಗೃಹಪ್ರವೇಶಕ್ಕೋ ಕೈಮಗ್ಗದ ಉಡುಪಿ ಸೀರೆ ಉಟ್ಟು ನೋಡಿ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ನೇಯುತ್ತಾರೆ. ಹತ್ತಿ ಬೆವರು ಹೀರುತ್ತದೆ, ನೆರಿಗೆ ಹೇಳಿದ ಹಾಗೆ ಕೇಳುತ್ತದೆ. ಕುಳಿತು ಎದ್ದರೆ ಸುಕ್ಕು ಬೀಳುತ್ತದೆ, ಬೀಳಲಿ.

## ಹಂತ 6: ಮನೆಯಲ್ಲೇ ಪರೀಕ್ಷೆ

ಕುಳಿತು ಏಳಿ. ನೆಲದ ಮೇಲಿನ ಚಮಚ ಹೆಕ್ಕಿ. ಎರಡು ಮೆಟ್ಟಿಲು ಹತ್ತಿ ಇಳಿಯಿರಿ. ಬಲಗೈ ಎತ್ತಿ ಅಕ್ಷತೆ ಹಾಕುವ ಹಾಗೆ ಮಾಡಿ. ನಡೆಯುವಾಗ ನೆರಿಗೆ ಕಾಲಿನ ಎಡೆಗೆ ಸಿಕ್ಕಿದರೆ ಸೀರೆ ಉದ್ದವಾಗಿದೆ. ಭುಜ ಎಳೆದ ಹಾಗೆ ಆದರೆ ಸೆರಗು ಬಿಗಿ. ಕುಳಿತಾಗ ಪಿನ್ನು ಚುಚ್ಚಿದರೆ ಅದು ದಿನವಿಡೀ ಚುಚ್ಚುತ್ತದೆ, “ಸ್ವಲ್ಪ ಅಡ್ಜಸ್ಟ್ ಮಾಡ್ತೇನೆ” ಅನ್ನಬೇಡಿ.

ಚಿನ್ನ ಇದಾದ ಮೇಲೆ. ಅಂಚು ದೊಡ್ಡದಿದ್ದರೆ ಸರ ಒಂದು ಕಡಿಮೆ ಮಾಡಿ. ಅವಲಕ್ಕಿ ಸರ, ಮುತ್ತಿನ ಸರ, ಕರಿಮಣಿ ಮೂರೂ ಒಂದೇ ಉದ್ದಕ್ಕೆ ಬಂದರೆ ಸಿಕ್ಕಿಕೊಂಡು ಯಾವುದೂ ಕಾಣುವುದಿಲ್ಲ. ಭಾರದ ಜುಮುಕಿಗೆ ಕೂದಲಿಗೆ ಸಿಕ್ಕಿಸುವ ಮಾಟಿ ಹಾಕಿದರೆ ಕಿವಿ ನೋಯುವುದಿಲ್ಲ. ಹೂ ಎಲ್ಲಕ್ಕಿಂತ ಕೊನೆ, ಅದನ್ನು ಇನ್ನೊಬ್ಬರ ಕೈಯಲ್ಲಿ ಮುಡಿಸಿಕೊಳ್ಳಿ. ಯು-ಪಿನ್ನು ಬಾಳೆನಾರಿನ ಮೇಲೆ ಕೂರಬೇಕು, ಹೂವಿನ ಮೇಲಲ್ಲ.

ಕೊನೆಯ ಹತ್ತು ನಿಮಿಷ ಏನನ್ನೂ ಬದಲಿಸಬೇಡಿ. ಹೊರಡುವ ಮೊದಲು ಕನ್ನಡಿಯ ಎದುರು ಎಲ್ಲರಿಗೂ ಒಂದು ಸಂಶಯ ಬರುತ್ತದೆ: ಲಿಪ್‌ಸ್ಟಿಕ್ ಜಾಸ್ತಿಯಾಯಿತಾ, ಸೀರೆಯೇ ಬೇರೆ ಉಡಬೇಕಿತ್ತಾ. ಆ ಹೊತ್ತಿಗೆ ಸೀರೆ ಬದಲಿಸಿದವರು ಯಾರೂ ಖುಷಿಯಲ್ಲಿ ಹೋದದ್ದನ್ನು ನಾನು ನೋಡಿಲ್ಲ. ಕನ್ನಡಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಪೂರ್ತಿ ಆಕಾರ ನೋಡಿ. ಮೂಗಿಗೆ ಮೂಗು ತಾಗಿಸಿ ನಿಮ್ಮ ಮುಖದ ಕಲೆ ಹುಡುಕುವವರು ಮದುವೆ ಮನೆಯಲ್ಲಿ ಇರುವುದಿಲ್ಲ.

ಮಾತು ಹೇಳುವವರು ಮಾತ್ರ ಇರುತ್ತಾರೆ. “ಎಂತ ಮಾರಾಯ್ತಿ, ದಪ್ಪ ಆಗಿದ್ದೀಯಲ್ಲ!” ಬಾಗಿಲಿನಲ್ಲಿಯೇ ಒಬ್ಬ ಮಾಮಿ ಹೀಗೆ ಅನ್ನುತ್ತಾರೆ, ಖಂಡಿತ. ಉತ್ತರ ಮನೆಯಲ್ಲೇ ತಯಾರಿಟ್ಟುಕೊಳ್ಳಿ. “ಹೌದು ಮಾಮಿ, ಈ ತಿಂಗಳು ಇದು ಆರನೇ ಊಟ. ನಿಮ್ಮ ಸೀರೆ ಚಂದ ಉಂಟು, ಎಲ್ಲಿಂದ ತೆಗೆದದ್ದು?” ಅಲ್ಲಿಂದ ಅವರು ಸೀರೆಯ ಕತೆಗೆ ಹೋಗುತ್ತಾರೆ, ನೀವು ತಂಪು ಶರಬತ್ತಿನ ಕಡೆಗೆ ಹೋಗಬಹುದು.

## ಹಂತ 7: ಹೊರಟ ಮೇಲೆ

ಸ್ಕೂಟರಿನ ಹಿಂದೆ ಹೋಗುವುದಿದ್ದರೆ ಸೆರಗನ್ನು ಬೆನ್ನಿನಿಂದ ಸುತ್ತಿ ಮುಂದೆ ತಂದು ತೊಡೆಯ ಮೇಲಿಟ್ಟು ಕೂತುಕೊಳ್ಳಿ. ಸೆರಗು ಚಕ್ರಕ್ಕೆ ಸಿಕ್ಕಿದರೆ ಜೀವಕ್ಕೇ ಅಪಾಯ, ಇಲ್ಲಿ ತಮಾಷೆ ಇಲ್ಲ. ಬಸ್ಸಿನ ಎತ್ತರದ ಮೆಟ್ಟಿಲಿಗೆ ನೆರಿಗೆಯನ್ನು ಎಡಗೈಯಲ್ಲಿ ಒಟ್ಟಿಗೆ ಹಿಡಿದು ಎತ್ತಿ, ಬಲಗೈ ಕಂಬಿಗೆ.

ಬೆವರು ಬಂದರೆ ಉಜ್ಜಬೇಡಿ. ಟಿಶ್ಯೂವನ್ನು ಒತ್ತಿ ತೆಗೆಯಿರಿ. ಅದರ ಮೇಲೆ ಮತ್ತೆ ಮತ್ತೆ ಪೌಡರ್ ಬಳಿದರೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಪದರ ಏಳುತ್ತದೆ.

ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೆ ಇರುವವರು ತುಂಬ ಜನ. ಆ ಸೆಕೆಯಲ್ಲಿ ಅದು ಸರಿಯಲ್ಲ. ಉಪಾಯ ಸುಲಭ: ಸೆರಗನ್ನು ಕುತ್ತಿಗೆಗೆ ಸುತ್ತಿ ಮುಂದೆ ಬಿಡಿ. ನೆರಿಗೆಯ ಕೆಳತುದಿ ಒಟ್ಟುಮಾಡಿ, ಕೂದಲಿಗೆ ಹಾಕುವ ದಪ್ಪ ರಬ್ಬರ್ ಬ್ಯಾಂಡ್ ಒಂದನ್ನು ಸಡಿಲವಾಗಿ ಹಾಕಿ. ಆಮೇಲೆ ಸೀರೆ, ಒಳಲಂಗ ಎರಡನ್ನೂ ಹಿಂದಿನಿಂದ ಒಟ್ಟಿಗೆ ಮೇಲಕ್ಕೆ ಎತ್ತಿ ಎಡತೋಳಿನಲ್ಲಿ ಹಿಡಿಯಿರಿ, ಮುಂದಿನಿಂದ ಅಲ್ಲ. ನೆಲ ಒದ್ದೆ ಇದ್ದರೂ ಅಂಚು ತಾಗುವುದಿಲ್ಲ, ನೆರಿಗೆಯ ಪಿನ್ನೂ ಕದಲುವುದಿಲ್ಲ.

ಊಟಕ್ಕೆ ಕೂರುವಾಗ ಸೆರಗಿನ ತುದಿಯನ್ನು ಬೆನ್ನ ಹಿಂದಿನಿಂದ ಬಲಸೊಂಟಕ್ಕೆ ಸಿಕ್ಕಿಸಿ. ಸಾರು ಬಿದ್ದರೆ ನೀರು ಹಾಕಿ ಉಜ್ಜಬೇಡಿ, ಒಣ ಬಟ್ಟೆಯಲ್ಲಿ ಒತ್ತಿ ಹೀರಿಸಿ ಅಷ್ಟಕ್ಕೇ ಬಿಡಿ. ಎಣ್ಣೆಯಾದರೆ ಪೌಡರ್ ಹಾಕಿ, ಮನೆಗೆ ಬಂದು ಕೊಡವಿ. ಮತ್ತೆ ಡ್ರೈಕ್ಲೀನಿಗೆ.

## ಹಂತ 8: ಮನೆಗೆ ಬಂದು

ಬೆವರು ಇರುವ ಸೀರೆಯನ್ನು ಮಡಿಚಿ ಕಪಾಟಿಗೆ ಇಡಬೇಡಿ. ನೆರಳಿನಲ್ಲಿ, ಗಾಳಿ ಆಡುವಲ್ಲಿ ಒಂದು ರಾತ್ರಿ ಹರಡಿ. ಆಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ನಮ್ಮ ಮಳೆಗಾಲಕ್ಕೆ ಪ್ಲಾಸ್ಟಿಕ್ಕಿನ ಒಳಗೆ ಬೂಸು ಹಿಡಿಯುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಇಲ್ಲದಿದ್ದರೆ ಅದೇ ಗೆರೆಯಲ್ಲಿ ರೇಷ್ಮೆ ಸೀಳುತ್ತದೆ.

ಮಡಿಚುವ ಮೊದಲು ಪಿನ್ನು ಲೆಕ್ಕ ಮಾಡಿ. ಬೆಳಿಗ್ಗೆ ಆರು ಹಾಕಿದ್ದರೆ ಆರೂ ಕೈಗೆ ಸಿಗಬೇಕು. ನನ್ನ ಹಸಿರು ಧರ್ಮಾವರಂ ಸೀರೆಯಲ್ಲಿ ಒಂದು ವರ್ಷ ಐದೇ ಸಿಕ್ಕಿತ್ತು, ಇನ್ನೊಂದು ಎಲ್ಲೋ ಬಿದ್ದಿರಬೇಕು ಅಂದುಕೊಂಡು ಒಳಗಿಟ್ಟೆ. ಮಳೆ ಮುಗಿದು ನವರಾತ್ರಿಗೆ ತೆಗೆದಾಗ ಅದು ಅಲ್ಲೇ ಇತ್ತು, ಸೆರಗಿನ ಮೂರು ಮಡಿಕೆಯಲ್ಲಿ ಮೂರು ಕಂದು ಚುಕ್ಕೆ ಮಾಡಿಕೊಂಡು.